ಉಪ್ಪುನೀರೋ ಔಷಧವೋ

ಜನವರಿ 7, ಮಂಗಳವಾರ. ಬೆಳಿಗ್ಗೆ

ಹಬೆ ಆಯಿತು. ಬಿಸಿನೀರು ಆಯಿತು. ಬಚ್ಚಲಿನ ಕನ್ನಡಿಯ ಮುಂದೆ ನಿಂತು ‘ಆ’ ಎಂದೆ. ಗಾಳಿ ಬಂತು. ನಿನ್ನೆಯದೇ ಗಾಳಿ.

ಹಾಲಿನವನಿಗೆ ನಾಳೆ ಒಂದು ಪ್ಯಾಕೆಟ್ ಹೆಚ್ಚಿಗೆ ಬೇಕು ಅಂತ ಬೆರಳು ತೋರಿಸಿದೆ. ಒಂದೇ ಸಾಕು ಎಂದು ತಿಳಿದು ತಲೆಯಾಡಿಸಿ ಇಳಿದುಹೋದ. ಮೆಟ್ಟಿಲಿನಲ್ಲಿ ಕೂಗಿ ಕರೆಯಬೇಕಿತ್ತು. ಹೇಗೆ?

ಇವರು ಈಗ ನನ್ನ ಹತ್ತಿರ ಗಟ್ಟಿಯಾಗಿ ಮಾತಾಡುತ್ತಾರೆ. ಹೋಗಿರುವುದು ಗಂಟಲು, ಕಿವಿಯಲ್ಲ — ಸ್ಲೇಟಿನಲ್ಲಿ ಬರೆದು ತೋರಿಸಿದೆ. “ಹೌದಲ್ವಾ!” ಎಂದು ಇನ್ನೂ ಗಟ್ಟಿಯಾಗಿ ನಕ್ಕರು. ಪೋರ್ಟ್ ಆಫೀಸಿನಲ್ಲಿ ಇಷ್ಟು ವರ್ಷ ಯಾರ ಮೇಲೂ ದನಿ ಎತ್ತದ ಶಾಮಣ್ಣ, ವಡಾಲದ ಈ ಬಿಲ್ಡಿಂಗಿಗೆಲ್ಲ ಕೇಳುವಂತೆ ಹೆಂಡತಿಯನ್ನು ಉಪ್ಪಿಟ್ಟಿಗೆ ಉಪ್ಪಿನಕಾಯಿ ಕೇಳುತ್ತಾರೆ.

ಮಧ್ಯಾಹ್ನ

ಟೀವಿಯಲ್ಲಿ ನಾನು. ಗೋಡೆ ಪೇಂಟಿನ ಜಾಹೀರಾತು. “ನಿಮ್ಮ ಮನೆಯ ಗೋಡೆಗೂ ಒಂದು ಹಬ್ಬ.” ಕೊನೆಗೆ ಒಂದೇ ಉಸಿರಿನಲ್ಲಿ, “ಪರದೆಯ ಮೇಲಿನ ಬಣ್ಣಕ್ಕೂ ಡಬ್ಬಿಯ ಬಣ್ಣಕ್ಕೂ ವ್ಯತ್ಯಾಸವಿರಬಹುದು.” ಅದೂ ನಾನೇ. ಸಣ್ಣಕ್ಷರದ ಸಾಲುಗಳನ್ನು ಉಗುಳು ನುಂಗದೆ ಹೇಳುವುದಕ್ಕೆ ಅಂಧೇರಿಯ ಸ್ಟುಡಿಯೋಗಳಲ್ಲಿ ಕನ್ನಡಕ್ಕೆ ಮೊದಲು ನನ್ನನ್ನೇ ಕರೆಯುತ್ತಿದ್ದರು. ಕುಕ್ಕರು, ಸೋಪು, ಮಕ್ಕಳ ಕಾರ್ಟೂನಿನಲ್ಲಿ ಅಳಿಲು... ಇಪ್ಪತ್ತು ವರ್ಷದ ಮೇಲಾಯಿತು. ಮೈಸೂರಿನಿಂದ ಮದುವೆಯಾಗಿ ಬಂದವಳಿಗೆ ಈ ಊರಿನಲ್ಲಿ ಸಿಕ್ಕ ಕೆಲಸ.

ಆಗಸ್ಟಿನಲ್ಲಿ ಡೆಂಗ್ಯೂ. ಐಸಿಯು. ಉಸಿರಾಡಲು ಗಂಟಲೊಳಗೆ ಪೈಪು. ಜೀವ ಉಳಿಸಿದ ಪೈಪು. ಅದರ ಮೇಲೆ ಸಿಟ್ಟಾಗುವುದಕ್ಕೂ ಆಗುವುದಿಲ್ಲ.

ಟೀವಿ ಆರಿಸಿದೆ.

ಜನವರಿ 21, ಮಂಗಳವಾರ

ಪರೇಲಿನ ಆಸ್ಪತ್ರೆ. ಹೊಸ ಡಾಕ್ಟರ್, ಸ್ನೇಹಲ್. ನಲವತ್ತು ದಾಟಿರಬೇಕು. ಕಾಟನ್ ಸೀರೆಗೆ ಸ್ಪೋರ್ಟ್ಸ್ ಶೂ. ಮೂಗಿನಲ್ಲಿ ಸಣ್ಣ ಕ್ಯಾಮೆರಾ ಇಳಿಸಿ ನನ್ನ ಗಂಟಲನ್ನು ನನಗೇ ತೋರಿಸಿದರು. ಎರಡು ಬಿಳಿ ಪಟ್ಟಿ. ಮಾತಾಡುವಾಗ ಎರಡೂ ನೀರಿನ ಮೇಲಿನ ಅಲೆಯ ಹಾಗೆ ಆಡಬೇಕಂತೆ. ನನ್ನವು ಹಲಗೆಯಂತೆ ನಿಂತಿದ್ದವು. ಪೈಪು ಉಜ್ಜಿ ಗಾಯವಾಗಿ, ಗಾಯ ಮಾಗಿ ಗಟ್ಟಿ ಕಲೆಯಾಗಿದೆ.

ಡಾಕ್ಟರ್ ಹಿಂದಿಯಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆದಿಡುತ್ತೇನೆ, ಮರೆಯದಿರಲಿ ಎಂದು.

ಹೆರಿಗೆಯಾದ ತಾಯಂದಿರು ಒಪ್ಪಿ ಕೊಟ್ಟ ಹೊಕ್ಕುಳಬಳ್ಳಿಯಿಂದ ಸ್ಟೆಮ್ ಸೆಲ್ ಎಂಬ ಜೀವಕೋಶ ತೆಗೆದು ಲ್ಯಾಬಿನಲ್ಲಿ ಬೆಳೆಸುತ್ತಾರೆ. ಮೊದಲು ಆ ಕೋಶಗಳನ್ನೇ ಗಾಯಕ್ಕೆ ಚುಚ್ಚಿ ನೋಡುತ್ತಿದ್ದರು. ಬಹುಪಾಲು ಕೋಶಗಳು ಅಲ್ಲಿ ಉಳಿಯುತ್ತಲೇ ಇರಲಿಲ್ಲ. ಆದರೂ ಗಾಯ ಅಷ್ಟಿಷ್ಟು ಸುಧಾರಿಸುತ್ತಿತ್ತು. ಹಾಗಾದರೆ ಕೆಲಸ ಮಾಡಿದ್ದು ಯಾವುದು? ಕೋಶಗಳು ಬಿಟ್ಟುಹೋದ ಪುಟ್ಟ ಗುಳ್ಳೆಗಳು. ವೆಸಿಕಲ್ ಅನ್ನುತ್ತಾರೆ. ಸೂಕ್ಷ್ಮದರ್ಶಕಕ್ಕೂ ಸುಲಭವಾಗಿ ಸಿಗದಷ್ಟು ಸಣ್ಣವು. ಅವುಗಳೊಳಗೆ ಪಕ್ಕದ ಕೋಶಗಳಿಗೆ ಸೂಚನೆ ಇರುತ್ತದೆ — ಉರಿ ಇಳಿಸು, ಇಲ್ಲಿ ಗಟ್ಟಿ ನಾರು ಬೇಡ, ಮೆತ್ತಗೆ ಕಟ್ಟು. ಈಗ ಕೋಶ ಬಿಟ್ಟು ಗುಳ್ಳೆಗಳನ್ನಷ್ಟೇ ಸೋಸಿ ತೆಗೆದು ಕೊಟ್ಟು ನೋಡುತ್ತಿದ್ದಾರೆ. ಜೀವಂತ ಕೋಶವಾದರೆ ಒಳಗೆ ಹೋಗಿ ತನ್ನಿಷ್ಟದಂತೆ ಬೆಳೆಯುವ ಭಯ ಇರುತ್ತದೆ. ಇದು ಬೆಳೆಯುವುದಿಲ್ಲ. ಫ್ರೀಜರಿನಲ್ಲಿ ಇಡಬಹುದು, ಅಳೆಯಬಹುದು.

“ಇದು ಟ್ರಯಲ್. ಪ್ರಯೋಗ,” ಎಂದರು. “ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಉಪ್ಪುನೀರು. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ. ಎಲ್ಲರದೂ ಮುಗಿದ ಮೇಲೆ ತೆರೆದು ನೋಡ್ತೀವಿ. ಅಲ್ಲಿವರೆಗೆ ಬೇರೆ ಯಾವ ಚಿಕಿತ್ಸೆಯನ್ನೂ ತಗೋಬಾರದು.”

ಸ್ಲೇಟಿನಲ್ಲಿ ಬರೆದೆ: ದನಿ ಬರುತ್ತಾ?

“ಗೊತ್ತಿಲ್ಲ. ಗೊತ್ತಿದ್ದರೆ ಟ್ರಯಲ್ ಮಾಡ್ತಿರಲಿಲ್ಲ.”

ಗೊತ್ತಿಲ್ಲ ಎಂದು ಹೇಳಿದ ಮೊದಲ ಡಾಕ್ಟರ್. ನಂಬಬೇಕು ಅನ್ನಿಸಿತು.

ಜನವರಿ 23, ಗುರುವಾರ

ಮನೆಯಲ್ಲಿ ಚರ್ಚೆ. ನಾನು ಮೂಕಸಾಕ್ಷಿ, ನಿಜಕ್ಕೂ.

ಇವರಿಗೆ ಮನಸ್ಸಿಲ್ಲ. “ಯಾರದೋ ಮಗುವಿನ ಹೊಕ್ಕುಳಬಳ್ಳೀದು ಇವಳ ಗಂಟಲಿಗಾ? ಅದೂ ಅರ್ಧ ಜನಕ್ಕೆ ಬರೀ ನೀರು!”

ಧಾತ್ರಿಗೆ ಇಪ್ಪತ್ತೊಂದು. ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವಷ್ಟರಲ್ಲಿ ಹಿಂದಿಯಾಗಿರುತ್ತದೆ. ಆಸ್ಪತ್ರೆಯವರು ಕೊಟ್ಟ ಕಾಗದವನ್ನೆಲ್ಲ ಓದಿ ಹೇಳಿದಳು. “ಅಪ್ಪಾ, ಸುನೋ ನಾ. ಸೆಲ್ ಬರಲ್ಲ. ಸೆಲ್ ಒಂದು ವಾಯ್ಸ್ ನೋಟ್ ಕಳಿಸತ್ತೆ, ಬಸ್. ಅಮ್ಮನ ಸೆಲ್ ಅದನ್ನ ಕೇಳಿ... ಕ್ಯಾ ಬೋಲ್ತೇ ಹೈ... ತಾನೇ ರಿಪೇರ್ ಮಾಡ್ಕೊಳತ್ತೆ.”

“ಕೇಳದೆ ಹೋದ್ರೆ?”

“ತೋ... ಕೇಳದಿದ್ರೆ ಇಲ್ಲ, ಬಸ್.”

ನಾನು ಪೆನ್ನು ತೆಗೆದುಕೊಂಡು ಸಹಿ ಮಾಡಿದೆ.

ಫೆಬ್ರವರಿ 11, ಮಂಗಳವಾರ. ಸಂಜೆ

ಚುಚ್ಚಿಸಿಕೊಂಡು ಬಂದೆ. ಮೂರು ದಿನ ಪಿಸುಮಾತೂ ಕೂಡದು. ಹಾಗಾಗಿ ಉದ್ದ ಬರೆಯುತ್ತೇನೆ.

ಕಾಯುವ ಬೆಂಚಿನಲ್ಲಿ ಪಕ್ಕದಲ್ಲೊಬ್ಬರು ಹೆಂಗಸು. ಇಳಕಲ್ ಸೀರೆ, ಹಣೆ ತುಂಬ ಕುಂಕುಮ. ನನ್ನ ಸ್ಲೇಟಿನ ಕನ್ನಡ ಅಕ್ಷರ ನೋಡಿ ಮೊಣಕೈಯಿಂದ ತಿವಿದರು. ಪಿಸುದನಿ. “ಕನ್ನಡದವರೇನ್ರಿ ಅಕ್ಕಾರ?”

ಹೌದು ಎಂದೆ, ನನ್ನ ಗಾಳಿಯಲ್ಲಿ.

“ಅಯ್ಯ, ನಿಮ್ದೂ ನಂಗತೇನ ಐತಲ್ರಿ!” ಅವರಿಗೆ ಹಿಗ್ಗೋ ಹಿಗ್ಗು. ಹೆಸರು ಚಂದ್ರವ್ವ. ವಿಜಾಪುರದ ಕಡೆಯವರು. ಭಾಂಡುಪ್ ಸ್ಟೇಷನ್ ಹೊರಗೆ ತರಕಾರಿ ಮಾರುತ್ತಾರೆ. “ಹೊಟ್ಟಿ ಆಪರೇಷನ್ ಆತ್ರಿ. ಉಸಿರಿನ ಮಷೀನಿಗಿ ಹಾಕಿದ್ರು. ಜೀವ ಬಂತು, ದನಿ ಹೋತು. ಕೂಗಲಿಕ್ಕಿ ಬರಲಿಲ್ಲಂದ್ರ ಗಿರಾಕಿ ಮುಂದಿನ ಬುಟ್ಟಿಗಿ ಹೋಗ್ತಾವ್ರಿ. ನಮ್ಮ ಮನಿಯವ್ರಿಗಿ ತಕ್ಕಡಿ ಹಿಡಿಯೂದ ಅಷ್ಟ ಗೊತ್ತು, ಬಾಯಿ ಬಿಡೂದ ಗೊತ್ತಿಲ್ಲ.”

ಡಾಕ್ಟರ್ ಹೇಳಿದ್ದು ಸರಿಯಾಗಿ ತಿಳಿಯಲಿಲ್ಲ, ನೀವು ಹೇಳ್ರಿ ಎಂದರು. ಸ್ಲೇಟಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ: ಕೋಶ ಬರುವುದಿಲ್ಲ. ಕೋಶ ಬಿಟ್ಟ ಗುಳ್ಳೆ ಮಾತ್ರ.

ತುಟಿಯಾಡಿಸುತ್ತ ಓದಿ, ಸ್ವಲ್ಪ ಯೋಚಿಸಿ, “ಹಂಗಂದ್ರ ಅತ್ತಿ ಬರೂದಿಲ್ಲ, ಅತ್ತಿ ಕಟ್ಟಿ ಕಳಿಸಿದ ಬುತ್ತಿ ಅಷ್ಟ ಬರತೈತಿ. ಛಲೋ ಆತು ಬಿಡ್ರಿ!”

ನಗು ತಡೆಯಲಾಗಲಿಲ್ಲ. ಇಬ್ಬರೂ ದನಿಯಿಲ್ಲದೆ ನಗುವುದು ನೋಡಿ ನರ್ಸಮ್ಮ ಉಸಿರು ಕಟ್ಟಿತೆಂದು ಓಡಿ ಬಂದರು.

ಒಳಗೆ — ಬಾಯಿಗೆ ಕಹಿ ಸ್ಪ್ರೇ, ಗಂಟಲು ಮರಗಟ್ಟಿತು. ಹಿಮದ ಹೊಗೆಯಾಡುವ ಡಬ್ಬಿಯಿಂದ ಒಂದು ಬೆರಳುದ್ದದ ಸೀಸೆ. ನೀರಿನಂತೆ ತಿಳಿ. ಉಪ್ಪುನೀರಾದರೂ ಹೀಗೇ ಇರುತ್ತದೆ. ಕತ್ತಿನ ಮುಂಭಾಗದಿಂದ ಸೂಜಿ. ನೋವಿಲ್ಲ, ಒತ್ತಿದ ಹಾಗೆ ಅಷ್ಟೇ. ಪರದೆಯಲ್ಲಿ ಆ ಹಲಗೆ ಒಂದು ಕ್ಷಣ ಉಬ್ಬಿದ್ದು ಕಂಡಿತು.

ಯಾವ ತಾಯಿಯದೋ. ಆ ಮಗು ಈಗ ಎಲ್ಲಿ ಅಳುತ್ತಿದೆಯೋ — ಗಟ್ಟಿಯಾಗಿ ಅಳಲಿ.

ಫೆಬ್ರವರಿ 20, ಗುರುವಾರ

ಸ್ಟ್ರಾ ಅಭ್ಯಾಸ ಶುರು. ಅರ್ಧ ಲೋಟ ನೀರಿನಲ್ಲಿ ಸ್ಟ್ರಾ ಇಟ್ಟು ‘ಊ’ ಎಂದು ಊದಬೇಕು. ನೀರು ಗುಳುಗುಳು ಎನ್ನುತ್ತದೆ, ನಾನು ಎನ್ನುವುದಿಲ್ಲ. ಧಾತ್ರಿ ವಿಡಿಯೋ ಮಾಡಿದಳು. ಕಿತ್ತುಕೊಂಡು ಅಳಿಸಿದೆ.

ಸಂದೀಪನ ಮೆಸೇಜ್. ಅವನದೇ ಸ್ಟುಡಿಯೋದಲ್ಲಿ ನಾನು ಹೆಚ್ಚು ಕೆಲಸ ಮಾಡಿದ್ದು. ಹೊಸ ಹುಡುಗಿಗೆ ‘ಅಲ್ಪಪ್ರಾಣ ಮಹಾಪ್ರಾಣ’ ಬರುವುದಿಲ್ಲವಂತೆ, ಬಂದು ತಿದ್ದುತ್ತೀರಾ ಎಂದು. ಹೋಗುತ್ತೇನೆ. ಮೈಕಿನ ಆ ಕಡೆಗಾದರೂ ಕೂರಬಹುದು.

ಮಾರ್ಚ್ 18, ಮಂಗಳವಾರ

ತಪಾಸಣೆ. ಚಂದ್ರವ್ವ ಬೆಂಚಿನಿಂದಲೇ, “ಅಕ್ಕಾರಾ!”

ದನಿ. ಒರಟು, ಒಡಕು... ಆದರೆ ದನಿ! ಕಾರಿಡಾರಿನ ಆ ತುದಿಯಿಂದ ಕೇಳಿಸಿತು.

“ನನಗ ಖರೇ ಔಷಧ ಬಿದ್ದೈತ್ರಿ. ನಮ್ಮ ಓಣ್ಯಾಗ ಎಲ್ಲಾರಿಗೂ ಹೇಳೀನಿ.” ಆಮೇಲೆ ನನ್ನ ಮುಖ ನೋಡಿ, “ನಿಮ್ದೂ ಬರತೈತಿ ತಗೋರಿ. ಮಂದಿ ಮಂದಿಗಿ ಫರಕ್ ಇರತೈತಿ.”

ಒಳಗೆ ಡಾಕ್ಟರ್ ಕ್ಯಾಮೆರಾ ಇಳಿಸಿ, “ಸ್ವಲ್ಪ ಬೆಟರ್” ಎಂದರು. ಎಲ್ಲರಿಗೂ ಹಾಗೇ ಅನ್ನುತ್ತಾರೇನೋ.

ದಾದರಿನಲ್ಲಿ ಇಳಿದು ಹೂವು ತಂದೆ. ಬೆಲೆ ಕೇಳಲು ಕೈ ಸಾಕು.

ಏಪ್ರಿಲ್ 9, ಬುಧವಾರ. ಮಧ್ಯಾಹ್ನ

ಒಬ್ಬಳೇ ಇದ್ದೆ. ಸ್ಟ್ರಾ ತೆಗೆದಿಟ್ಟು ಪೇಂಟಿನ ಸಾಲು ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. “ನಿಮ್ಮ ಮನೆಯ ಗೋಡೆಗೂ...”

ಕೇಳಿದೆ. ತುಕ್ಕು ಹಿಡಿದ ಶಟರ್ ಎಳೆದ ಹಾಗಿದೆ. ನಡುನಡುವೆ ದನಿ ಹಾರಿಹೋಗಿ ಗಾಳಿ ಮಾತ್ರ. ಆಮೇಲೆ ಹಳೆಯ ಜಾಹೀರಾತು ಹಾಕಿ ಕೇಳಿದೆ. ಆಮೇಲೆ ಮತ್ತೆ ನನ್ನದು.

ಹಾಗೆ ಮಾಡಬಾರದಿತ್ತು.

ಅಳಿಸಿದೆ. ಸ್ಟ್ರಾಗಳನ್ನು ಕಸದ ಡಬ್ಬಿಗೆ ಹಾಕಿದೆ. ನನಗೆ ಬಿದ್ದದ್ದು ಉಪ್ಪುನೀರು. ಗೊತ್ತಾಯಿತು.

ಜೂನ್ 6, ಶುಕ್ರವಾರ

ಬಹಳ ದಿನ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ.

ಇವರು ರಜೆ ಹಾಕಿ ನನ್ನನ್ನು ಉಪನಗರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದರು. ಅದೇ ಗುಳ್ಳೆಯ ಔಷಧ ಅಲ್ಲಿ ಎಲ್ಲರಿಗೂ ಕೊಡುತ್ತಾರಂತೆ, ಉಪ್ಪುನೀರಿನ ಆಟವಿಲ್ಲ. ಟ್ರಯಲಿನವರಿಗೆ ಹೇಳಬೇಕಾಗಿಲ್ಲ ಎಂದರು. ಹೇಳದೆ ಇರುವುದಕ್ಕೆ ನಾನೂ ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದು ನಾನೇ, ಯಾರೂ ಬಲವಂತ ಮಾಡಲಿಲ್ಲ.

ಒಳಗೆ ತಣ್ಣಗೆ, ಲಿಂಬೆಹುಲ್ಲಿನ ವಾಸನೆ. ಗೋಡೆಯ ಪಟ್ಟಿಯಲ್ಲಿ — ಕೂದಲು, ಮೊಣಕಾಲು, ಮುಖದ ಕಾಂತಿ, ಬೆನ್ನು, ಗಂಟಲು. ಎಲ್ಲಕ್ಕೂ ಒಂದೇ ಡ್ರಿಪ್. ಬಿಳಿ ಕೋಟಿನ ಯುವಕ ನನ್ನ ಗಂಟಲು ನೋಡಲೂ ಇಲ್ಲ. “ಮ್ಯಾಡಮ್, ಟು ಸಿಟಿಂಗ್ಸ್, ಆವಾಜ್ ಪಕ್ಕಾ.”

ಒರಗುವ ಕುರ್ಚಿಯಲ್ಲಿ ಕೂರಿಸಿದರು. ತೋಳಿಗೆ ಸ್ಪಿರಿಟ್ ಹಚ್ಚಿದರು. ಪಕ್ಕದ ಟ್ರೇಯಲ್ಲಿ ಸೀಸೆ, ಚಿನ್ನದ ಬಣ್ಣದ ಮುಚ್ಚಳ. ಅಭ್ಯಾಸಬಲ — ಸಣ್ಣಕ್ಷರ ಕಂಡರೆ ಓದದೆ ಇರಲಾಗುವುದಿಲ್ಲ. ಕನ್ನಡಕ ಹಾಕಿ ತಿರುಗಿಸಿದೆ. ‘ಕಾಸ್ಮೆಟಿಕ್. ಫಾರ್ ಎಕ್ಸ್‌ಟರ್ನಲ್ ಯೂಸ್ ಓನ್ಲಿ.’ ಚರ್ಮದ ಮೇಲೆ ಹಚ್ಚುವುದಕ್ಕೆ ಮಾತ್ರ.

ಸ್ಲೇಟಿನಲ್ಲಿ ಬರೆದೆ: ಇದು ಯಾರ ಕೋಶದ್ದು? ಎಲ್ಲಿ ಪರೀಕ್ಷೆ ಮಾಡಿದ್ದು?

“ಇಂಪೋರ್ಟೆಡ್ ಹೈ ಮ್ಯಾಡಮ್,” ಎಂದ ಆ ಯುವಕ. ಸೂಜಿ ಕೈಯಲ್ಲೇ ಇತ್ತು.

ಲೇಬಲ್ ತೋರಿಸಿದೆ. “ವೋ ತೋ ಸಿರ್ಫ್ ಲಿಖ್ತೇ ಹೈ.” ಬರೀ ಬರೆಯುತ್ತಾರಂತೆ.

ಇಪ್ಪತ್ತು ವರ್ಷ ಆ ಸಾಲುಗಳನ್ನು ಯಾರೂ ಕೇಳಿಸಿಕೊಳ್ಳದಷ್ಟು ಬೇಗ ಹೇಳುವುದೇ ನನ್ನ ಕೆಲಸವಾಗಿತ್ತು. ಇವತ್ತು ನಿಧಾನವಾಗಿ ಓದಿದೆ. ಸೆರಗು ಸರಿಮಾಡಿಕೊಂಡು ಎದ್ದೆ. ಇವರು ಬಾಗಿಲ ಹತ್ತಿರ ನಿಂತಿದ್ದರು. ನನ್ನ ಮುಖ ನೋಡಿ ಚಪ್ಪಲಿ ಹಾಕಿಕೊಂಡರು.

ಲೋಕಲ್ ರೈಲಿನಲ್ಲಿ ಎದುರುಬದುರು ಸೀಟು. ಕಿಟಕಿಯಾಚೆ ಮಳೆ ಶುರುವಾಗಿತ್ತು. ಅಪರೂಪಕ್ಕೆ ಮೆತ್ತಗೆ ಮಾತಾಡಿದರು. “ಮನೇಲಿ ನನ್ನ ದನಿ ಒಂದೇ ಕೇಳುತ್ತೆ ವನೂ. ಅದಕ್ಕೇ ಜೋರಾಗಿ ಮಾತಾಡ್ತೀನಿ. ಸುಮ್ಮನಿದ್ರೆ ಹೆದರಿಕೆ ಆಗುತ್ತೆ. ಐಸಿಯು ಹೊರಗೆ ಕೂತಿದ್ದಾಗ ಹೀಗೇ ಇತ್ತು.”

ನನಗೆ ಇದು ಹೊಳೆದೇ ಇರಲಿಲ್ಲ. ಅವರ ಮೊಣಕಾಲಿನ ಮೇಲೆ ಕೈಯಿಟ್ಟೆ. ವಡಾಲ ಬರುವವರೆಗೂ ತೆಗೆಯಲಿಲ್ಲ.

ಆಗಸ್ಟ್ 12, ಮಂಗಳವಾರ

ಟ್ರಯಲಿನ ಕೊನೆಯ ತಪಾಸಣೆ. ಕ್ಯಾಮೆರಾ, ಓದುವ ಪರೀಕ್ಷೆ, ‘ಈ’ ಎಂದು ಎಷ್ಟು ಹೊತ್ತು ಎಳೆಯಬಲ್ಲೆ ಎಂಬುದು. “ಬೇರೆ ಚಿಕಿತ್ಸೆ ಏನಾದರೂ?” — ಇಲ್ಲ ಎಂದು ಬರೆದೆ. ಆ ಕುರ್ಚಿಯಿಂದ ಏಳದೇ ಇದ್ದಿದ್ದರೆ?

ಚಂದ್ರವ್ವ ಸಿಗಲಿಲ್ಲ. ಅವರ ದಿನ ಬೇರೆ. ಸ್ಟುಡಿಯೋಗೆ ಹೋಗಿ ಹುಡುಗಿಗೆ ‘ಧನ’ವನ್ನೂ ‘ದನ’ವನ್ನೂ ಬೇರೆ ಮಾಡಿಸಿ ಬಂದೆ.

ಸೆಪ್ಟೆಂಬರ್ 16, ಮಂಗಳವಾರ

ಇವತ್ತೇ ಬರೆಯಬೇಕು.

ಇಂದು ತೆರೆದು ನೋಡಿದರು. ಒಬ್ಬೊಬ್ಬರನ್ನೇ ಒಳಗೆ ಕರೆದು ಹೇಳಿದರು. ಇವರೂ ನನ್ನ ಜೊತೆ ಬಂದಿದ್ದರು.

“ವನಮಾಲಾಜಿ, ನಿಮಗೆ ಕೊಟ್ಟದ್ದು ಔಷಧ. ವೆಸಿಕಲ್.”

ತಪ್ಪು ಕೇಳಿಸಿತೆಂದುಕೊಂಡೆ. ಹಾಗಾದರೆ ಔಷಧ ನನ್ನಲ್ಲಿ ಸೋತಿತು. ಉಪ್ಪುನೀರಾಗಿದ್ದರೆ ಇನ್ನೊಂದು ಆಸೆಯಾದರೂ ಉಳಿದಿರುತ್ತಿತ್ತು. ಇವರು ಜೋರಾಗಿ, “ಮತ್ತೆ ಯಾಕೆ ದನಿ ಬರಲಿಲ್ಲ?” ಎಂದರು. ಆ ಜೋರಿಗೆ ಈಗ ನನಗೆ ಅರ್ಥ ಗೊತ್ತು.

ಡಾಕ್ಟರ್ ಪರದೆಯಲ್ಲಿ ಎರಡು ವಿಡಿಯೋ ಅಕ್ಕಪಕ್ಕ ಹಾಕಿದರು. ಜನವರಿಯದು, ಎರಡು ಹಲಗೆ. ಆಗಸ್ಟಿನದು — ಎಡಗಡೆಯದು ಇನ್ನೂ ಬಿಗಿ. ಬಲಗಡೆ ಅಂಚಿನಲ್ಲಿ ಅಲೆ. ಸಣ್ಣದು, ಆದರೆ ಅಲೆಯೇ. ಬಂದು, ಹೋಗಿ, ಮತ್ತೆ ಬಂದು.

“ಈ ಗಂಟಲು ಮಾತಾಡಬಲ್ಲದು. ಮೊದಲಿನ ಹಾಗಲ್ಲ. ಆದರೆ ಮಾತಾಡಬಲ್ಲದು. ನೀವು ಯಾಕೆ ಇನ್ನೂ ಗಾಳಿಯಲ್ಲೇ ಇದ್ದೀರಿ? ಅಭ್ಯಾಸ ಮಾಡ್ತಿದ್ದೀರಾ?”

ಸ್ಲೇಟು ಎತ್ತಿಕೊಂಡೆ. ಏನು ಬರೆಯಲಿ? ಏಪ್ರಿಲಿನಿಂದ ಇಲ್ಲ, ಎಂದು ಬರೆದೆ. ಚೆನ್ನಾಗಿರಲಿಲ್ಲ, ಎಂದೂ ಸೇರಿಸಿದೆ.

ಡಾಕ್ಟರ್ ಸಿಟ್ಟಾಗಲಿಲ್ಲ. “ನಿಮಗೆ ಹಳೇ ದನಿ ಬೇಕಿತ್ತು. ಅದನ್ನ ವಾಪಸ್ ಕೊಡ್ತೀನಿ ಅಂತ ನಾನು ಯಾವತ್ತೂ ಹೇಳಲಿಲ್ಲ. ಈ ಗುಳ್ಳೆಗಳು ಕಲೆಯನ್ನ ಸ್ವಲ್ಪ ಮೆತ್ತಗೆ ಮಾಡಿರಬಹುದು. ಮಾಡಿರಬಹುದು ಅಷ್ಟೇ. ಇದ್ದದ್ದು ಕೆಲವೇ ಜನ, ಇದನ್ನ ನಂಬಿ ನಾನು ದೊಡ್ಡ ಮಾತು ಆಡಲ್ಲ. ಮೆತ್ತಗಾದ ಮೇಲೆ ಅದನ್ನ ಆಡಿಸಬೇಕಾದವರು ನೀವು.”

ಹೊರಗೆ ಬಂದರೆ ಬೆಂಚಿನಲ್ಲಿ ಚಂದ್ರವ್ವ. ಅವರದೂ ಹೇಳಿ ಆಗಿತ್ತು. ಕುಂಕುಮ ಬೆವರಿಗೆ ಇಳಿದಿತ್ತು.

“ಉಪ್ಪನೀರಂತ್ರೀ ಅಕ್ಕಾರ!” ಕಾರಿಡಾರ್ ಪೂರ್ತಿ ತಿರುಗಿ ನೋಡಿತು. “ಓಣೀಗೆಲ್ಲ ಹೇಳಿ ಕುಂತೀನಲ್ರಿ ನಾ, ಪರೇಲದ ಔಷಧ ಅಂತ!”

ಅಳುತ್ತಾರೇನೋ ಎಂದುಕೊಂಡೆ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು — ನಗು. “ಡಾಕ್ಟರ್‌ಬಾಯಿ ಹೇಳಿದ್ರು, ದಿನಾ ಸ್ಟ್ರಾ ಊದಿ ಊದಿ, ಕೂಗಿ ಕೂಗಿ ಬಂದೈತಿ ಅಂತ. ಇನ್ನ ಮುಂದಿನ ತಿಂಗಳ ನನಗ ಖರೇದು ಕೊಡ್ತಾರಂತ. ಉಪ್ಪನೀರಿಗೇ ಇಷ್ಟು ಬಂದಿದ್ರ, ಔಷಧಕ್ಕ ಭಾಂಡುಪದಾಗ ಕೂಗಿದ್ರ ಠಾಣಾ ಮಟಾ ಕೇಳತೈತಿ!”

ಆಮೇಲೆ, “ನಿಮಗ ಯಾವದು ಬಿದ್ದಿತ್ತು?”

ಔಷಧ, ಎಂದೆ. ಬಾಯಿಂದಲೇ ಎಂದೆ — ಬರೆಯಲಿಲ್ಲ. ಶಟರ್ ಎಳೆದ ಸದ್ದು. ಮೂರಕ್ಷರದಲ್ಲಿ ಒಂದು ಹಾರಿಹೋಯಿತು.

ಇವರು ಕಾಗದಗಳನ್ನು ಚೀಲಕ್ಕೆ ತುಂಬುತ್ತಿದ್ದವರು ತಲೆಯೆತ್ತಿ ನನ್ನನ್ನೇ ನೋಡಿದರು. ಚಂದ್ರವ್ವನಿಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. “ಹಾಂ, ಬಂತಲ್ರಿ,” ಎಂದರು.

ಸೆಪ್ಟೆಂಬರ್ 19, ಶುಕ್ರವಾರ

ಹೊಸ ಸ್ಟ್ರಾ ಕಟ್ಟು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ರೆಕಾರ್ಡ್ ಮಾಡುವುದಿಲ್ಲ ಎಂದು ತೀರ್ಮಾನ.

ಸೆಪ್ಟೆಂಬರ್ 29, ಸೋಮವಾರ

ಗುಳುಗುಳು ನಡುವೆ ಒಂದು ಕೆಳದನಿ ನಿಂತಿತು. ಸ್ವಲ್ಪ ಹೊತ್ತು. ಎದೆಯೊಳಗೆ ಕಂಪಿಸಿದ್ದು ಗೊತ್ತಾಯಿತು. ಇಷ್ಟು ಕೆಳಗೆ ನಾನು ಎಂದೂ ಮಾತಾಡಿದವಳಲ್ಲ. ಯಾರೋ ಹಿರಿಯ ಹೆಂಗಸು ಮನೆಗೆ ಬಂದ ಹಾಗಿದೆ.

ಅಕ್ಟೋಬರ್ 14, ಮಂಗಳವಾರ

ಚಂದ್ರವ್ವನಿಗೆ ಇವತ್ತು ಖರೇ ಔಷಧ. ಜೊತೆಗಿದ್ದೆ. ಸೂಜಿಗೆ ಹೆದರಿ ನನ್ನ ಕೈ ಹಿಡಿದ ಹಿಡಿತಕ್ಕೆ ಬಳೆ ಒತ್ತಿ ಗುರುತು ಬಿದ್ದಿದೆ. ಮುಗಿದ ಮೇಲೆ ನರ್ಸಮ್ಮ ನೆನಪಿಸಿದರು, ಮೂರು ದಿನ ಮೌನ, ಆಮೇಲೂ ವಾರವಿಡೀ ಕೂಗುವಂತಿಲ್ಲ.

ಚಂದ್ರವ್ವನ ಮುಖ ಇಳಿಯಿತು. ನನ್ನ ಸ್ಲೇಟು ಕಿತ್ತುಕೊಂಡು ವಕ್ರವಕ್ರವಾಗಿ ಬರೆದರು: ದೀಪಾವಳಿ ಸಂತಿ. ಯಾರು ಕೂಗೂದು?

ಹೌದು. ಹಬ್ಬದ ವಾರ ಅವರಿಗೆ ವರ್ಷದ ವ್ಯಾಪಾರ. ಚಿಕಿತ್ಸೆ ಮುಂದಕ್ಕೆ ಹಾಕಿದರೆ ಸರದಿ ತಪ್ಪುತ್ತದೆಂದು ಸಂತೆಯ ಮಾತೆತ್ತದೆ ಬಂದಿದ್ದಾರೆ.

ಅಕ್ಟೋಬರ್ 17, ಶುಕ್ರವಾರ. ಸಂಜೆ

ಭಾಂಡುಪಿನಿಂದ ಈಗ ಬಂದೆ. ಮೈಯೆಲ್ಲ ಕೊತ್ತಂಬರಿ ವಾಸನೆ.

ಮೊನ್ನೆ ರಾತ್ರಿಯೇ ಮನೆಯಲ್ಲಿ ಹೇಳಿದ್ದೆ, ನಾನು ಹೋಗುತ್ತೇನೆ ಎಂದು. ಧಾತ್ರಿ, “ಅಮ್ಮ, ಆರ್ ಯೂ ಶೂರ್? ನೀನು... ಸಬ್ಜಿ?” ಇವರು ಮಾತ್ರ, “ಹೋಗಲಿ ಬಿಡೇ,” ಎಂದರು. ಮೆತ್ತಗೆ.

ಸ್ಟೇಷನ್ ಮೆಟ್ಟಿಲ ಬುಡದಲ್ಲೇ ಬುಟ್ಟಿಗಳು. ಚಂದ್ರವ್ವ ಬಾಯಿಗೆ ಸೆರಗು ಕಟ್ಟಿ ಕೂತಿದ್ದರು, ಮಾತಾಡುವ ಆಸೆ ತಡೆಯಲು. ಗಂಡ ಶೆಟ್ಟೆಪ್ಪನವರು ತಕ್ಕಡಿ ಹಿಡಿದು, ನನಗೆ ಮಣೆ ಕೊಟ್ಟು, “ಕೂಡ್ರಿ” ಎಂದರು. ಅವರು ದಿನವಿಡೀ ಆಡಿದ ಮಾತು ಅದೊಂದೇ ಇರಬೇಕು.

ಲೋಕಲ್ ಬಂತು. ಜನ ಇಳಿದರು. ನನ್ನ ದನಿ ಏಳಲಿಲ್ಲ. ಎಡಬಲ ಎಲ್ಲರೂ ಕೂಗುತ್ತಿದ್ದಾರೆ, ಜನ ಆ ಕಡೆ ಬಾಗುತ್ತಿದ್ದಾರೆ. ಮೈಕಿನ ಮುಂದೆ ಒಂದು ದಿನವೂ ಹೆದರಿದವಳಲ್ಲ. ಇಲ್ಲಿ ಮೆಂತ್ಯದ ಕಟ್ಟು ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಇನ್ನೊಂದು ಲೋಕಲ್ ಬಂದು ಹೋಯಿತು. ಸೊಪ್ಪು ಬಿಸಿಲಿಗೆ ಬಾಡುತ್ತಿತ್ತು. ಚಂದ್ರವ್ವ ನೀರು ಚಿಮುಕಿಸುತ್ತಿದ್ದರು, ನನ್ನ ಕಡೆ ನೋಡದೆ. ನೋಡಿದರೆ ನನಗೆ ಬೇಜಾರಾಗುತ್ತದೆಂದು ನೋಡದೆ ಇದ್ದರು. ಅದನ್ನು ನನಗೆ ತಡೆಯಲಾಗಲಿಲ್ಲ.

ಕೂಗಬೇಡಿ, ಎಂದಿದ್ದಾರೆ ಡಾಕ್ಟರ್ ನನಗೂ. ಕೂಗಲಿಲ್ಲ. ಉಸಿರು ಹೊಟ್ಟೆಗೆ ಇಳಿಸಿ, ಭುಜ ಸಡಿಲ ಬಿಟ್ಟು, ಸ್ಟುಡಿಯೋದಲ್ಲಿ ಕಲಿತ ಹಾಗೆ, ಕರೆದೆ.

“ಮೇಥೀ... ತಾಜೀ ಮೇಥೀ...”

ಶಟರಿನ ಸದ್ದೇ. ಆದರೆ ದಪ್ಪ. ಸುತ್ತಲಿನ ತೆಳ್ಳಗಿನ ಕೂಗುಗಳ ಕೆಳಗಿನಿಂದ ನುಗ್ಗಿ ಹೋಯಿತು. ಒಬ್ಬಾಕೆ ನಿಂತು ತಿರುಗಿದಳು — ನನ್ನ ದನಿಗೆ ಮುಖ ಸಿಂಡರಿಸಲಿಲ್ಲ. ಮೆಂತ್ಯ ಎತ್ತಿ ಬೇರು ನೋಡಿದಳು. “ಕೈಸೇ ದಿಯಾ, ಮೌಸಿ?”

ಹೇಳಿದೆ. ಆ ಬೆಲೆಗೆ ಚೌಕಾಸಿ ಮಾಡಿದಳು. ನಾನೂ ಮಾಡಿದೆ! ಒಂದು ವರ್ಷದ ಮೇಲಾಗಿತ್ತು ಯಾರ ಜೊತೆಗಾದರೂ ವಾದ ಮಾಡಿ. ದನಿ ಮಧ್ಯದಲ್ಲಿ ಕೈಕೊಟ್ಟಾಗ ಬೆರಳು ತೋರಿಸಿದೆ, ಮತ್ತೆ ಬಂದಾಗ ಮುಂದುವರಿಸಿದೆ. ಆಕೆಗೆ ಬೇಕಿದ್ದದ್ದು ಮೆಂತ್ಯ.

ಚಂದ್ರವ್ವ ಸೆರಗಿನ ಹಿಂದೆ ಅಲುಗಾಡುತ್ತಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ, ಕೇಳಲಿಲ್ಲ. ಮುಂದಿನ ಲೋಕಲ್ ಬರುತ್ತಿತ್ತು.

ನಡುನಡುವೆ ಬಿಸಿನೀರು ಕುಡಿದೆ, ಸುಮ್ಮನೆ ಕೂತೆ. ಸಂಜೆಗೆ ಸೊಪ್ಪಿನ ಬುಟ್ಟಿ ಖಾಲಿ. ಹೊರಡುವಾಗ ಶೆಟ್ಟೆಪ್ಪನವರು ನಾಲ್ಕು ಲಿಂಬೆಹಣ್ಣು ನನ್ನ ಚೀಲಕ್ಕೆ ಹಾಕಿ ಕೈಮುಗಿದರು. ನಾಳೆಯೂ ಬರುತ್ತೇನೆ ಎಂದೆ. ಬಾಯಲ್ಲೇ.

ಅಕ್ಟೋಬರ್ 19, ಭಾನುವಾರ. ಬೆಳಿಗ್ಗೆ

ನಿನ್ನೆಯೂ ಹೋಗಿದ್ದೆ. ಇವತ್ತು ಗಂಟಲು ಭಾರ, ಡಾಕ್ಟರಿಗೆ ಮೆಸೇಜ್ ಹಾಕಿದೆ. “ರೆಸ್ಟ್ ಮಾಡಿ. ಹಬ್ಬ ಆದ ಮೇಲೆ ಬನ್ನಿ, ಎಡಗಡೆ ನೋಡೋಣ,” ಎಂದು ಉತ್ತರ. ಜೊತೆಗೆ, “ಸಬ್ಜಿ??” ಎಂದು. ಚಂದ್ರವ್ವನ ಕಡೆಯವರು ಯಾರೋ ಹೇಳಿರಬೇಕು.

ಸಂದೀಪನಿಗೆ ಹಬ್ಬದ ಶುಭಾಶಯ ಈ ಸಲ ಟೈಪ್ ಮಾಡಲಿಲ್ಲ, ಮಾತಾಡಿ ಕಳಿಸಿದೆ. ಯಾರಿದು ಎಂದು ಕೇಳಿದನಂತೆ ಹುಡುಗಿಯನ್ನು. ಅವಳು ಗುರುತು ಹಿಡಿದಳಂತೆ — ನನ್ನ ಮಹಾಪ್ರಾಣದಿಂದ. ಈ ದನಿಗೆ ಕೆಲಸವಿದೆಯೋ ಇಲ್ಲವೋ ಅವನಿಗೂ ಗೊತ್ತಿಲ್ಲ, ನನಗೂ. ಬಂದು ಮೈಕಿನ ಮುಂದೆ ಕೂತು ನೋಡಿ ಎಂದಿದ್ದಾನೆ.

ಇದು ಆ ಗುಳ್ಳೆಗಳ ಕೆಲಸವೋ, ಸ್ಟ್ರಾದ್ದೋ, ಭಾಂಡುಪಿನದೋ... ಡಾಕ್ಟರಿಗೇ ಗೊತ್ತಿಲ್ಲದಿದ್ದ ಮೇಲೆ ನಾನು ಹೇಗೆ ಹೇಳಲಿ. ಕಾಣದ ಯಾವುದೋ ತಾಯಿಗೆ ಒಂದು ದೀಪ ಹೆಚ್ಚಿಗೆ ಇಡುತ್ತೇನೆ. ಚಂದ್ರವ್ವನಿಗೆ ಒಳ್ಳೆಯದಾಗಲಿ.

ಧಾತ್ರಿ ಬಾಗಿಲು ತಟ್ಟಿದಳು. “ಅಮ್ಮ, ಯಾರ ಜೊತೆ ಮಾತಾಡ್ತಿದ್ದೀಯ?” ಯಾರ ಜೊತೆಯೂ ಇಲ್ಲ, ಬರೆಯುತ್ತಿದ್ದೇನೆ, ಎಂದೆ. “ಝೂಟ್. ಅಪ್ಪನೂ ಪೇಪರ್ ಬಿಟ್ಟು ಕೇಳ್ತಾ ಕೂತಿದ್ದಾರೆ.”

ಬರೆಯುತ್ತ ಬರೆಯುತ್ತ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೇನಂತೆ. ಎಷ್ಟು ಹೊತ್ತಿನಿಂದಲೋ. ಬಾಗಿಲು ಹಾಕಿದೆ, ಫ್ಯಾನ್ ತಿರುಗುತ್ತಿದೆ, ಆದರೂ ಆಚೆ ನಡುಮನೆಯವರೆಗೂ ಕೇಳಿಸುತ್ತಿದೆಯಂತೆ.